ಯುವರಾಜನ ಗಂಟಲು

ಪಂಚಾಕ್ಷರಿಗಳು ಮೈಕಿನ ಮುಂದೆ ಬಾಗುತ್ತಿರಲಿಲ್ಲ. ಉಳಿದ ಕಲಾವಿದರು ಒಳಗೆ ಹೋದ ಕೂಡಲೇ ಕತ್ತು ಚಾಚಿ ಮೈಕಿಗೆ ಬಾಯಿ ಹೊಂದಿಸಿಕೊಳ್ಳುತ್ತಿದ್ದರು. ಇವರು ಎಡಗೈಯನ್ನು ಸೊಂಟದ ಮೇಲಿಟ್ಟು, ಗದ್ದವನ್ನು ಸ್ವಲ್ಪ ಮೇಲೆತ್ತಿ, ಸುಮ್ಮನೆ ನಿಂತುಬಿಡುತ್ತಿದ್ದರು. ಸ್ಟುಡಿಯೋದ ಮಾಲೀಕ ಇಮ್ತಿಯಾಜ್ ಎದ್ದು ಒಳಗೆ ಹೋಗಿ, ಸ್ಟ್ಯಾಂಡಿನ ತಿರುಪು ಸಡಿಲಿಸಿ, ಮೈಕನ್ನು ಅವರ ಬಾಯಿಯ ಎತ್ತರಕ್ಕೆ ಏರಿಸಬೇಕು. ಒಮ್ಮೆ ಅವನು, "ಒಂಚೂರು ಬಗ್ಗಿದ್ರೆ ಆಗ್ತಿತ್ತು ಸಾರ್" ಎಂದು ಗೊಣಗಿದ. ಪಂಚಾಕ್ಷರಿಗಳು ಅವನ ಕಡೆ ನೋಡದೆಯೇ, "ನಾನು ಬಗ್ಗಿದ್ರೆ ಯುವರಾಜ ಬಗ್ಗಿದ ಹಾಗೆ ಕೇಳ್ಸುತ್ತೆ ಕಣ್ರೀ" ಎಂದರು.

ಹೀಗೆ ಎಂದರೆಂದು ನನ್ನ ನೆನಪು. ಆದರೆ ಯುವರಾಜನ ಮಾತುಗಳನ್ನು ಬರೆಯುತ್ತಿದ್ದವನು ನಾನೇ. ಅವರ ಬಾಯಲ್ಲಿ ಎರಡು ವರ್ಷ ನನ್ನ ವಾಕ್ಯಗಳೇ ಓಡಾಡಿದವು. ಈಗ ಅವರ ಮಾತು ಯಾವುದು, ನಾನು ಬರೆದುಕೊಟ್ಟಿದ್ದು ಯಾವುದು ಎಂದು ಬೇರ್ಪಡಿಸಲು ಹೋದರೆ ಕೈಗೆ ಸಿಗುವುದಿಲ್ಲ. ಓದಿದ್ದು ತತ್ವಶಾಸ್ತ್ರ, ಅದರಿಂದ ನನಗೆ ಕೆಲಸ ಸಿಗಲಿಲ್ಲ, ಯಾವುದನ್ನೂ ಪೂರ್ತಿ ನಂಬದಿರುವ ಅಭ್ಯಾಸ ಮಾತ್ರ ಅಂಟಿಕೊಂಡಿತು. ನಾಲ್ಕು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿದ್ದು, ಎಲ್ಲಿಯೂ ನಿಲ್ಲಲಾಗದೆ, ಕೊನೆಗೆ ನಜರ್‌ಬಾದಿನ ಆ ಮಹಡಿಗೆ ಬಂದು ಸೇರಿದೆ. ಅಲ್ಲಿ ಎಲ್ಲರಿಗೂ ನಾನು 'ಮೇಷ್ಟ್ರು'.

ಸ್ಟುಡಿಯೋ ಎಂದರೆ ಇಮ್ತಿಯಾಜನ ಮನೆಯ ಮೇಲಿನ ಎರಡು ಕೋಣೆ. ಒಳಕೋಣೆಯ ಗೋಡೆಗೆ ಹಳೆಯ ಹಾಸಿಗೆ, ರಜಾಯಿಗಳನ್ನು ಹೊಡೆದಿದ್ದ. ನಡುವೆ ದಪ್ಪ ಗಾಜು. ಈಚೆ ಅವನ ಯಂತ್ರ, ಎರಡು ಕುರ್ಚಿ. ರೆಕಾರ್ಡಿಂಗ್ ನಡೆಯುವಾಗ ಫ್ಯಾನು ಆರಿಸಬೇಕು. ಹತ್ತಿರದ ಮೃಗಾಲಯದ ಸಿಂಹ ಗುಡುಗಿದರೆ ನಿಲ್ಲಿಸಿ ಕಾಯಬೇಕು. "ಅದಕ್ಕೂ ಒಂದು ಪಾತ್ರ ಕೊಡ್ರೀ, ದನಿ ಚೆನ್ನಾಗಿದೆ" ಎಂದು ಪಂಚಾಕ್ಷರಿಗಳು ಹೇಳುತ್ತಿದ್ದರು. ಅವರ ಬಾಯಿಂದ ಇನ್ನೊಬ್ಬರ ದನಿಗೆ ಬಂದ ಹೊಗಳಿಕೆ, ನಾನು ಕೇಳಿದಂತೆ, ಅದೊಂದೇ.

ನಮಗೆ ಬಂದಿದ್ದ ಕೆಲಸ ಜಪಾನಿನ ಒಂದು ಅನಿಮೆ, ಅಂದರೆ ಅಲ್ಲಿಯವರು ಚಿತ್ರ ಬರೆದು ಮಾಡುವ ದೊಡ್ಡ ಧಾರಾವಾಹಿ. ಅದನ್ನು ಕನ್ನಡಕ್ಕೆ ತರಬೇಕು. ಹೆಸರು ಹೇಳಬಾರದೆಂದು ಕರಾರಿದೆ. ಕತೆ ಇಷ್ಟು. ಒಬ್ಬ ಯುವರಾಜ ಒಂದಿಡೀ ನದಿಯನ್ನು ತನ್ನ ಕೋಟೆಯೊಳಗೆ ತಿರುಗಿಸಿಕೊಂಡು, ಕೆಳಗಿನ ಊರುಗಳನ್ನು ಒಣಗಿಸಿದ್ದಾನೆ. ಒಬ್ಬ ಹುಡುಗ ನೀರು ಕೇಳಲು ಬರುತ್ತಾನೆ. ಮೊದಲ ಮೂವತ್ತು ಕಂತುಗಳಲ್ಲಿ ಯುವರಾಜ ಅವನನ್ನು ಹೊಡೆದು ಅಟ್ಟುತ್ತಾನೆ. ಆಮೇಲೆ ನಿಧಾನವಾಗಿ, ನೋಡುವವರಿಗೂ ತಿಳಿಯದಷ್ಟು ನಿಧಾನವಾಗಿ, ಅವನು ಹುಡುಗನ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ನನ್ನ ಕೆಲಸ ಮಾತು ಬರೆಯುವುದು, ರೆಕಾರ್ಡಿಂಗ್ ನಡೆಯುವಾಗ ಇಮ್ತಿಯಾಜನ ಪಕ್ಕ ಕೂತು ಚಿತ್ರದ ತುಟಿಗೂ ನಮ್ಮವರ ದನಿಗೂ ಕೂಡಿತೇ ಎಂದು ನೋಡುವುದು. ಕೂಡದಿದ್ದರೆ ಹೇಳಬೇಕು, ಮತ್ತೊಂದು ಟೇಕ್.

ಪಂಚಾಕ್ಷರಿಗಳಿಗೆ ಆಗ ಐವತ್ತಾರಿರಬೇಕು. ಅಗ್ರಹಾರದಲ್ಲಿ ಅವರದು ವಿಭೂತಿ, ರುದ್ರಾಕ್ಷಿ, ಪೂಜಾ ಸಾಮಾನಿನ ಅಂಗಡಿ. ತಾತನ ಕಾಲದಿಂದ ಮಠಗಳಿಗೆ ವಿಭೂತಿ ಕೊಡುತ್ತಿದ್ದ ಮನೆತನ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಇವರು ಮೂವತ್ತು ವರ್ಷ ಹವ್ಯಾಸಿ ನಾಟಕಗಳಲ್ಲಿ ರಾಕ್ಷಸ, ಚಕ್ರವರ್ತಿ, ಕಂಸ, ಕೀಚಕ ಎಂದು ಮೆರೆದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಮೂರು ಬೆರಳ ವಿಭೂತಿ, ಕೈಯಲ್ಲಿ ಕೊಡೆ. ಅಗ್ರಹಾರದಿಂದ ನಜರ್‌ಬಾದಿಗೆ ದಿನವೂ ನಡೆದೇ ಬರುತ್ತಿದ್ದರು. ಆಟೋದಲ್ಲಿ ಕೂತರೆ ತಲೆ ತಗ್ಗಿಸಬೇಕಾಗುತ್ತದೆ ಎಂಬುದು ಇಮ್ತಿಯಾಜ್ ಕೊಡುತ್ತಿದ್ದ ಕಾರಣ.

ಮುಂದಿನ ಕಂತುಗಳಲ್ಲಿ ಏನಾಗುತ್ತದೆ ಎಂದು ಅವರು ಎಂದೂ ಕೇಳಲಿಲ್ಲ. ನಾನು ಹೇಳಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು. "ನಾಳೆ ಏನು ಅಂತ ಅವನಿಗೇ ಗೊತ್ತಿಲ್ಲ. ನನಗೆ ಯಾಕ್ರೀ?" ಪಾತ್ರವನ್ನು ವಿಲನ್ ಎಂದರೆ ಸಿಟ್ಟು. ಯುವರಾಜ ಎನ್ನಬೇಕು. ಅವನು ಮೊದಲ ಸಲ ಹುಡುಗನ ಪ್ರಾಣ ಉಳಿಸುವ ಕಂತು ಬಂದಾಗ ನಾನು ಮಾತನ್ನು ಸ್ವಲ್ಪ ಮೃದುವಾಗಿ ಬರೆದಿದ್ದೆ. ಪ್ರವಾಹಕ್ಕೆ ಸಿಕ್ಕ ಹುಡುಗನಿಗೆ ಹಗ್ಗ ಎಸೆದು ಯುವರಾಜ ಒಂದೆರಡು ಒಳ್ಳೆಯ ಮಾತಾಡುತ್ತಾನೆ. ಪಂಚಾಕ್ಷರಿಗಳು ಹಾಳೆಯನ್ನು ದೂರ ಹಿಡಿದು ಓದಿದರು.

"ಇದೇನ್ ಮೇಷ್ಟ್ರೇ, ಇವನು ಪ್ರವಚನಕ್ಕೆ ಕೂತಿದ್ದಾನಾ?"

"ಬದಲಾಗ್ತಿದ್ದಾನಲ್ಲ ಸಾರ್, ಸ್ವಲ್ಪ ಕರಗಬೇಕು."

"ಯಾರು ಹೇಳಿದ್ದು ಕರಗಬೇಕು ಅಂತ? ಒಳ್ಳೆ ಕೆಲಸ ಮಾಡೋವಾಗ್ಲೂ ಬೈಕೊಂಡೇ ಮಾಡ್ಬೇಕು. ಇಲ್ದಿದ್ರೆ ಅವನು ಅವನೇ ಅಲ್ಲ."

ನಾನು ತಿದ್ದಿದೆ. "ನೀನು ಸಾಯುವುದಾದರೆ ನನ್ನ ಕೈಯಲ್ಲಿ ಸಾಯಬೇಕು, ನೀರಿನ ಕೈಯಲ್ಲಲ್ಲ" ಎಂದು ಯುವರಾಜ ಹಗ್ಗ ಎಸೆದ. ಕನ್ನಡದಲ್ಲಿ ಆ ಧಾರಾವಾಹಿ ನೋಡಿದವರು ಇಂದಿಗೂ ಹೇಳುವ ಮಾತು ಅದು.

ಹುಡುಗನಿಗೆ ದನಿ ಕೊಡಲು ಬಂದವಳು ಸವಿತ. ಮಂಡಕಳ್ಳಿಯ ಒಕ್ಕಲು ಮನೆಯವಳು. ನಗರದ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಗೆ ಬಂದ ಗಿರಾಕಿಗಳ ದನಿಯನ್ನು ಅವರು ಹೋದ ಮೇಲೆ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳಂತೆ. ಇಮ್ತಿಯಾಜನ ಹೆಂಡತಿ ಅದನ್ನು ಕೇಳಿ ಕರೆತಂದಿದ್ದಳು. ಆ ಕೆಲಸ ಬಿಟ್ಟು ಇದಕ್ಕೆ ಬಂದದ್ದಕ್ಕೆ ಅವಳ ಅತ್ತೆ ಊರೆಲ್ಲ ಸಾರಿಕೊಂಡು ಬಂದಿದ್ದರಂತೆ: "ನಮ್ ಸೊಸೆ ಗೊಂಬೆಗೆ ಕಿರುಚೋಕೆ ಓಗವ್ಳೆ." ಅದನ್ನು ಅತ್ತೆಯದೇ ದನಿಯಲ್ಲಿ ಸವಿತ ನಮಗೆ ಹೇಳಿ ತೋರಿಸಿದಳು. ಪಂಚಾಕ್ಷರಿಗಳು ನಗಲಿಲ್ಲ.

"ಆ ಹುಡುಗ ಗಂಡಲ್ವೇನ್ರೀ?" ಎಂದು ಇಮ್ತಿಯಾಜನನ್ನು ಕೇಳಿದರು.

"ಜಪಾನಲ್ಲೂ ಹೆಂಗಸೇ ಸಾರ್ ಮಾಡಿರೋದು. ಹುಡುಗರ ದನಿ ಮಧ್ಯದಲ್ಲಿ ಒಡೆದೋಗುತ್ತೆ."

"ಜಪಾನಲ್ಲಿ ಮಾಡ್ಲಿ. ಮೂವತ್ತು ವರ್ಷ ರಂಗದ ಮೇಲೆ ನಿಂತಿದ್ದೀನಿ. ಈಗ ನನ್ನೆದುರು ಸೀರೆ ಅಂಗಡಿಯವರು ನಿಂತ್ಕೋತಾರಾ?"

ಸವಿತ ಹಾಳೆಯಿಂದ ತಲೆ ಎತ್ತಿ ಹೇಳಿದಳು. "ನಿಮ್ಮೆದುರು ಎಲ್ಲಿ ನಿಂತ್ಕೊಂಡೆ ಸಾ? ನೀವು ಆಚೀಕ್ ಬಂದ್ಮೇಲೆ ತಾನೆ ನಾನು ಒಳೀಕ್ ಓಗೋದು."

ಅದು ನಿಜ. ಡಬ್ಬಿಂಗಿನಲ್ಲಿ ಒಬ್ಬೊಬ್ಬರೇ ಒಳಗೆ ಹೋಗಿ ತಮ್ಮ ಪಾಲಿನದನ್ನು ಮುಗಿಸಿ ಬರುತ್ತಾರೆ. ಪರದೆಯ ಮೇಲೆ ಕತ್ತಿ ಹಿಡಿದು ಎದುರಾಗುವ ಇಬ್ಬರು ಆ ಕೋಣೆಯಲ್ಲಿ ಎಂದೂ ಒಟ್ಟಿಗೆ ನಿಂತಿರುವುದಿಲ್ಲ. ಇಮ್ತಿಯಾಜ್ ಜೋರಾಗಿ ನಕ್ಕುಬಿಟ್ಟ. ಬಹುಶಃ ಆ ನಗುವೇ ಮುಂದಿನದಕ್ಕೆಲ್ಲ ಕಾರಣವಾಯಿತು. ಅಂದಿನಿಂದ ಅವರಿಗೆ ಅವಳು 'ಆ ಸೀರೆಯವರು'. ತಿರಸ್ಕಾರದಲ್ಲೂ ಬಹುವಚನ ಬಿಡುತ್ತಿರಲಿಲ್ಲ.

ಸವಿತಳಿಗೆ ಆ ಹುಡುಗನ ಮೇಲೆ ಒಂದು ಬಗೆಯ ಹಕ್ಕಿತ್ತು. "ಈ ಉಡ್ಗ ನಮ್ಮೂರೋನೇ ಬುಡಿ ಸಾ" ಎನ್ನುತ್ತಿದ್ದಳು. "ನೀರು ಕೇಳಕ್ ಓಗಿ ಏಟ್ ತಿನ್ಕೊಂಡ್ ಬರೋನು. ಇವನ್ನ ನಾನ್ ಬುಟ್ರೆ ಇನ್ಯಾರ್ ಮಾಡಾರು?"

ಈ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಕೂಗು, ಕಿರುಚಾಟ, ಏಟು ತಿಂದ ನರಳಾಟ, ಇವನ್ನೆಲ್ಲ ದಿನದ ಕೊನೆಗೆ ಇಟ್ಟುಕೊಳ್ಳುತ್ತಾರೆ. ನಾಲ್ಕೈದು ಟೇಕಿಗಿಂತ ಹೆಚ್ಚು ತೆಗೆಯುವುದಿಲ್ಲ. ಕೂಗಿದ ಗಂಟಲು ಆಮೇಲೆ ಮಾತಿಗೆ ಬರುವುದಿಲ್ಲ. ಮನೆಗೆ ಹೋಗಿ ಬಾಯಿ ಮುಚ್ಚಿಕೊಂಡು ಇರಬೇಕು. ಇದು ಪಂಚಾಕ್ಷರಿಗಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಗಂಟಲಿನ ಉಪಚಾರವೇ ಒಂದು ಪೂಜೆಯಂತಿತ್ತು: ಫ್ಲಾಸ್ಕಿನಲ್ಲಿ ಬಿಸಿನೀರು, ಡಬ್ಬಿಯಲ್ಲಿ ಕಲ್ಲುಸಕ್ಕರೆ, ಅತಿಮಧುರ. ತಮ್ಮ ಕೂಗುಗಳನ್ನು ಸಂಜೆ ಐದರ ಮುಂಚೆ ಒಂದು ದಿನವೂ ಕೊಟ್ಟವರಲ್ಲ.

ಇಪ್ಪತ್ತನೆಯ ಕಂತಿನ ಸುಮಾರಿಗೆ, ಹಿರಿಯರೊಬ್ಬರು ಮೇಲುಸ್ತುವಾರಿ ನೋಡಲಿ ಎಂದು ಕೆಲಸ ಕೊಟ್ಟ ಕಂಪನಿ ಹೇಳಿತು. ಆ ಹಿರಿಯರು ಪಂಚಾಕ್ಷರಿಗಳೇ ಆದರು. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸವಿತ ಬಂದಾಗ, "ಮೊದಲು ಕೂಗು ತಗೊಳ್ಳೋಣ. ಗಂಟಲು ಹೊಸದಾಗಿರುತ್ತೆ" ಎಂದರು. ಇಮ್ತಿಯಾಜ್ ನನ್ನ ಮುಖ ನೋಡಿದ. ನಾನು ಹಾಳೆ ನೋಡಿದೆ.

ಕೋಟೆಯ ಬಾಗಿಲಲ್ಲಿ ನಿಂತು ಹುಡುಗ ಒಳಗಿನ ನದಿಯಲ್ಲಿ ಕೊಚ್ಚಿಹೋದ ತಂಗಿಯನ್ನು ಕರೆಯುವ ಕೂಗು ಅದು. ಸವಿತ ಕೂಗಿದಳು. "ಇನ್ನೊಂದು" ಎಂದರು ಪಂಚಾಕ್ಷರಿ. ಕೂಗಿದಳು. "ಇನ್ನೊಂದು." ಹತ್ತಾಯಿತು. ಇಪ್ಪತ್ತಾಯಿತು. ಗಾಜಿನಾಚೆ ಅವಳ ಕತ್ತಿನ ನರ ಉಬ್ಬಿದ್ದು ಕಾಣುತ್ತಿತ್ತು. ಅವಳು ಒಂದು ಸಲವೂ ಆಗುವುದಿಲ್ಲ ಎನ್ನಲಿಲ್ಲ. ಆಗ ನಾನು ಒಳಗಿನವರಿಗೆ ಮಾತು ಕೇಳಿಸುವ ಗುಂಡಿ ಒತ್ತಿ, "ಸಾಕು ಸಾರ್, ಬಿಡಿ" ಎಂದೆ. ಅವರು, "ಕಾರಣ ಹೇಳ್ಬೇಡಿ ಮೇಷ್ಟ್ರೇ" ಎಂದರು. ಮತ್ತೆ ಹನ್ನೊಂದು ಟೇಕ್.

ಹೊರಗೆ ಬಂದು ಸವಿತ ನೀರು ಕುಡಿದಳು. ಇಮ್ತಿಯಾಜನಿಗೆ ಏನೋ ಹೇಳಲು ಬಾಯಿ ತೆರೆದಳು. ಬರೀ ಗಾಳಿ ಬಂತು. ತಾನೇ ತಮಾಷೆ ಮಾಡಿದಳೇನೋ ಎಂಬಂತೆ ನಕ್ಕಳು. ಮತ್ತೆ ಪ್ರಯತ್ನಿಸಿದಳು. ಮೂರನೆಯ ಸಲಕ್ಕೆ ಅವಳ ಮುಖ ಬಿಳಿಚಿಕೊಂಡಿತು.

"ನಿಮ್ಮ ಗಂಟಲಾಗಿದ್ರೆ ಹಿಂಗೆ ಮಾಡ್ತಿದ್ರಾ ಸಾರ್?" ಎಂದು ಇಮ್ತಿಯಾಜ್ ಪಂಚಾಕ್ಷರಿಗಳ ಮೇಲೆ ಏರಿಹೋದ. ಅವರು ಎದ್ದರು. ಕೊಡೆ ತೆಗೆದುಕೊಂಡರು. ಬಾಗಿಲಲ್ಲಿ ಒಂದು ಗಳಿಗೆ ನಿಂತು ನನ್ನನ್ನು ನೋಡಿದರು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ. ಸೋತವರ ನೋಟ ಎಂದುಕೊಂಡೆ.

ಗಂಟಲೊಳಗೆ ರಕ್ತ ಒಸರಿದೆ, ಎರಡು ತಿಂಗಳು ಪಿಸುಮಾತೂ ಬೇಡ, ಕೂಗುವುದನ್ನು ಇನ್ನು ಮರೆತೇಬಿಡಿ ಎಂದರು ಡಾಕ್ಟರು. ಕಂಪನಿಗೆ ವಿಷಯ ಹೋಯಿತು. ಹತ್ತು ದಿನ ನೋಡುತ್ತೇವೆ, ಆಗದಿದ್ದರೆ ಹುಡುಗನ ದನಿಗೆ ಬೇರೆಯವರನ್ನು ಹಾಕಿ ಎಂದರು. ಸೀರೆ ಅಂಗಡಿಯ ಕೆಲಸಕ್ಕೆ ಆಗಲೇ ಬೇರೆಯವರು ಬಂದಿದ್ದರು. ಮಾತಿಲ್ಲದವಳನ್ನು ಅಲ್ಲಿಯಾದರೂ ಯಾರು ಇಟ್ಟುಕೊಂಡಾರು? ಸವಿತ ಇಮ್ತಿಯಾಜನಿಗೆ ಫೋನಿನಲ್ಲಿ ಒಂದೇ ಸಾಲು ಬರೆದು ಕಳಿಸಿದಳು: "ಹುಡುಗನ್ನ ಬೇರೆಯವರಿಗೆ ಕೊಡಬೇಡಿ."

ಎಂಟನೆಯ ದಿನ ಮಧ್ಯಾಹ್ನ ಪಂಚಾಕ್ಷರಿಗಳು ಬಂದರು. ಚಪ್ಪಲಿ ಬಿಟ್ಟು, ಕೊಡೆ ಮೂಲೆಗಿಟ್ಟು, ಯಾರೂ ಕೂರಿ ಎನ್ನದಿದ್ದರೂ ಕೂತರು.

"ಮಾತಿರೋ ಕಂತುಗಳನ್ನ ಹಿಂದಕ್ಕೆ ಹಾಕಿ. ಜಗಳದ ಕಂತುಗಳನ್ನ ಮೊದಲು ಮುಗಿಸೋಣ. ಅದರಲ್ಲಿ ಹುಡುಗನಿಗೆ ಮಾತಿಲ್ಲ, ಬರೀ ಕೂಗು" ಎಂದರು.

"ಆ ಕೂಗು ಯಾರು ಹಾಕ್ತಾರೆ ಸಾರ್?" ಇಮ್ತಿಯಾಜನ ದನಿಯಲ್ಲಿ ಇನ್ನೂ ಸಿಟ್ಟಿತ್ತು.

"ನಾನು."

ಇಮ್ತಿಯಾಜ್ ಕುರ್ಚಿಯನ್ನು ಅವರ ಕಡೆ ತಿರುಗಿಸಿದ. "ನಿಮ್ಮದು ನಗಾರಿ ಸಾರ್. ಅವನು ಹನ್ನೆರಡು ವರ್ಷದ ಹುಡುಗ."

"ನನಗೂ ಒಂದು ಕಾಲದಲ್ಲಿ ಹನ್ನೆರಡು ವರ್ಷ ಆಗಿತ್ತು ಕಣ್ರೀ."

ಕೂಗಿನಲ್ಲಿ ದನಿಯ ಗುರುತು ಹತ್ತುವುದು ಕಷ್ಟ. ಒಬ್ಬರ ಕೂಗನ್ನು ಇನ್ನೊಬ್ಬರಿಗೆ ಅಂಟಿಸುವುದು ಈ ಕಸುಬಿನಲ್ಲಿ ಉಂಟು. ಆದರೆ ಐವತ್ತಾರರ ಗಂಡಸು ಹನ್ನೆರಡರ ಹುಡುಗನಾಗಿ ಕೂಗಬೇಕಾದರೆ ಗಂಟಲನ್ನು ಕತ್ತು ಹಿಸುಕಿದಂತೆ ಮೇಲಕ್ಕೆ ಎಳೆಯಬೇಕು. ಅವರು ಹಾಕಿದ ಷರತ್ತು ಒಂದೇ. "ಆ ಸೀರೆಯವರಿಗೆ ಗೊತ್ತಾಗಬಾರದು. ಗೊತ್ತಾದ್ರೆ ಯುವರಾಜನನ್ನೂ ಬಿಟ್ಟು ಹೋಗ್ತೀನಿ."

ತಮ್ಮ ವಿಭೂತಿ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಅಭ್ಯಾಸ ಮಾಡಿದರು. ಎದುರಿನ ಹೂವಿನವನು ಬೆಕ್ಕೊಂದು ಒಳಗೆ ಸಿಕ್ಕಿಹಾಕಿಕೊಂಡಿದೆ ಎಂದು ಬಾಗಿಲು ಬಡಿದನಂತೆ. ಇವರು ತೆರೆದು, "ಬೆಕ್ಕಿಗೆ ಇಷ್ಟು ಶ್ರುತಿ ಇರುತ್ತೇನಯ್ಯಾ?" ಎಂದು ಕೇಳಿ ಮತ್ತೆ ಎಳೆದುಕೊಂಡರಂತೆ. ಇದನ್ನು ಅವರ ತಮ್ಮ ಹೇಳಿದ್ದು.

ಮೊದಲ ಎರಡು ದಿನ ಅದು ಬೆಕ್ಕೇ ಆಗಿತ್ತು. ನಾನು, ಇಮ್ತಿಯಾಜ್ ಮೇಜಿನ ಕೆಳಗೆ ತಲೆ ಬಗ್ಗಿಸಿ ನಕ್ಕಿದ್ದೂ ಉಂಟು. ಆರನೆಯ ದಿನ ನಗು ನಿಂತಿತು. ಸವಿತಳ ಹಳೆಯ ಟೇಕುಗಳನ್ನು ಕೇಳಿಸಿಕೊಂಡು ಕೇಳಿಸಿಕೊಂಡು, ಅವಳು ಕೂಗಿಗೆ ಮೊದಲು ಎಳೆಯುವ ಗಿಡ್ಡ ಉಸಿರನ್ನೂ ಅವರು ಹಿಡಿದಿದ್ದರು. ಕಣ್ಣು ಮುಚ್ಚಿ ಕೇಳಿದರೆ ಒಳಗೆ ಆ ಹುಡುಗನೇ ಇದ್ದ. ಯುವರಾಜ ಅಬ್ಬರಿಸುತ್ತಾನೆ, ಹುಡುಗ ಚೀರುತ್ತಾನೆ. ಕತ್ತಿ ಬೀಸುವವನ ಗಂಟಲೂ ಅದೇ, ಏಟು ತಿನ್ನುವವನ ಗಂಟಲೂ ಅದೇ. ಯುವರಾಜನಿಗೆ ಎಡಕ್ಕೆ ತಿರುಗಿ ನಿಲ್ಲುತ್ತಿದ್ದರು, ಹುಡುಗನಿಗೆ ಬಲಕ್ಕೆ.

ಕೂಗು ಮುಗಿದ ಮೇಲೆ ದಿನವಿಡೀ ಮಾತಾಡುತ್ತಿರಲಿಲ್ಲ. ಚೀಟಿ ಬರೆಯುತ್ತಿದ್ದರು. ಚೀಟಿಗಳಲ್ಲೂ ಗದ್ದ ಮೇಲೆಯೇ ಇರುತ್ತಿತ್ತು. ಇಷ್ಟು ಎಳೆಯಬೇಡಿ ಸಾರ್, ಗಂಟಲು ಹೋಗುತ್ತದೆ ಎಂದು ನಾನು ಹೇಳಿದಾಗ ಬಂದ ಚೀಟಿ: "ನಿಮ್ಮ ಅಭಿಪ್ರಾಯ ಕೇಳಿಲ್ಲ."

ಇಲ್ಲಿ ನನಗೆ ಒಂದು ಗೊಂದಲವಿದೆ. ಯುವರಾಜ ಹಗ್ಗ ಎಸೆಯುವ ಕಂತು ಇದಕ್ಕೆ ಮೊದಲೇ ಆಗಿತ್ತು, ಪಾತ್ರದ ಬದಲಾವಣೆ ಅವರೊಳಗೂ ಇಳಿದು ಹೀಗೆ ಮಾಡಿಸಿತು ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಆಮೇಲೆ ತಾರೀಖು ನೋಡಿದರೆ, ಆ ಕಂತು ರೆಕಾರ್ಡ್ ಆದದ್ದು ಇದರ ನಂತರ. ಯುವರಾಜ ಇನ್ನೂ ಊರಿನವರನ್ನು ಬಾಯಾರಿಸಿ ಕೊಲ್ಲುತ್ತಿದ್ದ ಕಾಲದಲ್ಲೇ ಪಂಚಾಕ್ಷರಿಗಳು ಹುಡುಗನ ಕೂಗನ್ನು ಹೊತ್ತುಕೊಂಡಿದ್ದರು. ಕತೆಗೆ ಅನುಕೂಲವಾಗುವ ಹಾಗೆ ನನ್ನ ತಲೆ ಹಿಂದುಮುಂದು ಮಾಡಿತ್ತು.

ಎರಡು ತಿಂಗಳ ಮೇಲೆ ಸವಿತ ಮರಳಿ ಬಂದಳು. ದನಿ ತುಸು ತಗ್ಗಿತ್ತು, ಆದರೆ ಮಾತಿಗೆ ಸಾಕಾಗಿತ್ತು. ಹುಡುಗ ಅವಳಿಗೇ ಉಳಿದ. ಕೂಗು ಬಂದ ಕಡೆ ಹಳೆಯದನ್ನು ಅಂಟಿಸುತ್ತೇವೆ ಎಂದು ಇಮ್ತಿಯಾಜ್ ಸುಳ್ಳು ಹೇಳಿದ. ಆ ಸುಳ್ಳು ಒಂದು ವರ್ಷ ನಡೆಯಿತು. ಅಷ್ಟರಲ್ಲಿ ಪಂಚಾಕ್ಷರಿಗಳ ದನಿಯ ತಳ ಕಿತ್ತುಹೋಗಿತ್ತು. ಮಾತಾಡಿದರೆ ಮರಳು ಜರಡಿ ಹಿಡಿದಂತೆ ಕೇಳುತ್ತಿತ್ತು. ಯುವರಾಜನೂ ಕತೆಯಲ್ಲಿ ಅಷ್ಟರಲ್ಲಿ ಗಾಯಗೊಂಡು ಬಳಲಿದ್ದರಿಂದ, ನೋಡುವವರು ಅದನ್ನು ಅಭಿನಯ ಎಂದುಕೊಂಡರು.

ಕೊನೆಯ ಕಂತಿಗೆ ಮುಂಚಿನ ವಾರ ಸವಿತ ಮೆಟ್ಟಿಲು ಹತ್ತಿ ಬಂದವಳೇ ಫೋನನ್ನು ಮೇಜಿನ ಮೇಲಿಟ್ಟಳು. ಬಿಡುಗಡೆಯಾಗಿದ್ದ ಕಂತೊಂದು ಓಡುತ್ತಿತ್ತು. ಪಂಚಾಕ್ಷರಿಗಳು ಅಲ್ಲೇ ಕೂತಿದ್ದರು.

"ಇದು ನನ್ ಕೂಗಲ್ಲ ಸಾ" ಎಂದಳು ಅವರನ್ನೇ ನೋಡುತ್ತ. "ನನ್ ಕೂಗು ನಂಗ್ ಗೊತ್ತಾಗಲ್ವಾ? ಇದನ್ನ ಯಾರು ಹಾಕವ್ರೆ?"

ಪಂಚಾಕ್ಷರಿಗಳು ಫ್ಲಾಸ್ಕಿನ ಮುಚ್ಚಳ ತೆಗೆದು, ಒಂದು ಗುಟುಕು ಕುಡಿದು, ಆ ಹರಿದ ದನಿಯಲ್ಲಿ ಹೇಳಿದರು. "ನಿಮ್ಮ ಕೂಗಿನಲ್ಲಿ ದಮ್ಮಿರಲಿಲ್ಲ ಕಣಮ್ಮ. ಅದಕ್ಕೆ ನಾನು ಹಾಕಿದೆ."

ಸವಿತ ಅವರ ಕತ್ತನ್ನು ನೋಡಿದಳು. "ಅಂಗಾ ಸಾ" ಎಂದಳು. "ಕೊನೆ ಕೂಗು ನಾನೇ ಹಾಕ್ತೀನಿ. ಅದ್ನ ನಿಮಗ್ ಬುಡಲ್ಲ."

ಕೊನೆಯ ಕಂತಿನಲ್ಲಿ ಯುವರಾಜ ಕೋಟೆಯ ತೂಬನ್ನು ತಾನೇ ಒಡೆದು, ಜನ ದಾಟುವವರೆಗೆ ಮುರಿದ ಬಾಗಿಲನ್ನು ಹೆಗಲ ಮೇಲೆ ಹೊತ್ತು ನಿಂತು, ನೀರಿನಡಿ ಹೋಗುತ್ತಾನೆ. ಹೋಗುವಾಗಲೂ ಹುಡುಗನನ್ನು ಬೈಯುತ್ತಾನೆ. ದಡದಲ್ಲಿ ಹುಡುಗ ಬಾಯಿ ಅಗಲಿಸಿ ಕೂಗುತ್ತಾನೆ. ಡಾಕ್ಟರು ಬೇಡವೆಂದ ಕೂಗು ಅದೇ. ಪಂಚಾಕ್ಷರಿಗಳು ಯುವರಾಜನ ಸಾವನ್ನು ಮುಗಿಸಿ ಹೊರಬಂದು, ಬಾಗಿಲಿಗೆ ಅಡ್ಡ ನಿಂತರು. "ಬೇಡ" ಎಂದರು. ಸವಿತ ಅವರ ಪಕ್ಕದಿಂದ ನುಸುಳಿ ಒಳಗೆ ಹೋದಳು.

ಅವಳು ಕೂಗಲಿಲ್ಲ. ಬಾಯಿ ಪೂರ್ತಿ ತೆರೆದು ಉಸಿರನ್ನಷ್ಟೇ ಬಿಟ್ಟಳು. ಉಸಿರು ನಡುವೆ ಎರಡು ಕಡೆ ತಡವರಿಸಿತು. ಹೊರಬಂದು, "ಸತ್ತೋದೋರ ಮುಂದೆ ಕೂಗಕ್ ಆಗಲ್ಲ ಸಾ. ನಮ್ಮೂರಲ್ ನೋಡಿವ್ನಿ. ದನಿನೇ ಬರಲ್ಲ" ಎಂದಳು. ಇಮ್ತಿಯಾಜ್ ನನ್ನ ಕಡೆ ತಿರುಗಿದ. ತುಟಿ ಎಲ್ಲಿಯೂ ಕೂಡಿರಲಿಲ್ಲ. ಸರಿಯಾಗಿದೆ ಎಂದೆ. ಪಂಚಾಕ್ಷರಿಗಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಕೊಡೆ ಹುಡುಕುತ್ತಿದ್ದರೋ ಏನೋ.

ಕೆಲಸ ಮುಗಿದ ಮೇಲೆ, ಅಳಿಸುವ ಮುನ್ನ ಹಳೆಯ ಫೈಲುಗಳನ್ನೊಮ್ಮೆ ನೋಡಿಬಿಡಿ ಎಂದು ಇಮ್ತಿಯಾಜ್ ನನಗೆ ಒಪ್ಪಿಸಿದ. ಆ ಬೆಳಗಿನ ಮೂವತ್ತು ಚಿಲ್ಲರೆ ಕೂಗುಗಳೂ ಅದರಲ್ಲಿದ್ದವು. ಕೂಗು ಕೂಗಿನ ನಡುವಿನ ಮೌನದಲ್ಲಿ ಇರುವೆ ಮಾತಾಡಿದಂಥ ಸಣ್ಣ ಸದ್ದು ಕೇಳಿತು. ದನಿ ಏರಿಸಿದೆ. ನಾವು ಹೊರಗಿನಿಂದ ಆಡಿದ ಮಾತು ಸವಿತಳ ಹೆಡ್‌ಫೋನಿಗೆ ಹೋಗಿ, ಅಲ್ಲಿಂದ ಸೋರಿ ಮೈಕಿಗೆ ಬಿದ್ದಿತ್ತು. "ಇನ್ನೊಂದು" ಎನ್ನುವ ಪಂಚಾಕ್ಷರಿ. ಮತ್ತೆ "ಇನ್ನೊಂದು." ಇಪ್ಪತ್ತಮೂರನೆಯ ಟೇಕಿನ ನಂತರ, "ಸಾಕು, ಬಿಡಿ" ಎಂಬ ದನಿ. ಅದು ನನ್ನದಲ್ಲ. ಪಂಚಾಕ್ಷರಿಗಳದು. ಅದರ ಬೆನ್ನಿಗೇ, ಪಾಠ ಒಪ್ಪಿಸುವ ಹುಡುಗನಂಥ ಚುರುಕಿನಲ್ಲಿ, ನನ್ನ ದನಿ: "ತುಟಿ ಕೂಡ್ತಿಲ್ಲ ಸಾರ್. ಇನ್ನೆರಡು ತಗೊಳ್ಳೋಣ." ಅಲ್ಲಿಂದಾಚೆಯ ಹನ್ನೊಂದೂ ನಾನು ಕೇಳಿ ತೆಗೆಸಿದವು.

ಎಷ್ಟು ಸಲ ಹಿಂದೆ ತಿರುಗಿಸಿ ಕೇಳಿದೆನೋ. ಅವರ ಮಾತನ್ನು ನಾನು ಹಾಕಿಕೊಂಡಿದ್ದೆ, ನನ್ನದನ್ನು ಅವರಿಗೆ ತೊಡಿಸಿದ್ದೆ. ಬೆಳಿಗ್ಗೆ ಕೂಗು ತೆಗೆದದ್ದು ಅವರೇ, ಮೊದಲ ಇಪ್ಪತ್ತಮೂರು ಅವರವೇ. ಅದರಲ್ಲಿ ಅನುಮಾನವಿಲ್ಲ. ಆದರೆ ಇಮ್ತಿಯಾಜ್ ಮೈಮೇಲೆ ಬಂದಾಗ, 'ನಾನು ಸಾಕು ಅಂದೆ' ಎಂದು ಹೇಳಿ ನನ್ನತ್ತ ಬೆರಳು ತೋರಿಸಬಹುದಿತ್ತು. ನೋಡಿದರು ಅಷ್ಟೆ.

ಮರುದಿನ ಅಗ್ರಹಾರಕ್ಕೆ ಹೋದೆ. ಅಂಗಡಿಯಲ್ಲಿ ವಿಭೂತಿ ಗಟ್ಟಿಗಳನ್ನು ಕಾಗದಕ್ಕೆ ಸುತ್ತುತ್ತ ಕೂತಿದ್ದ ಅವರಿಗೆ ಎಲ್ಲ ಹೇಳಿದೆ. ಅವರು ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಾನು ಸಾಕು ಅಂದಿದ್ದು ಆ ಯಮ್ಮನ ಗಂಟಲು ನೋಡಿ ಅಲ್ಲ ಕಣ್ರೀ" ಎಂದರು. ದನಿ ಕೇಳಿಸಿಕೊಳ್ಳಲು ನಾನು ಮುಂದೆ ಬಾಗಬೇಕಾಯಿತು. "ನನಗೆ ಹಸಿವಾಗಿತ್ತು."

ಅದು ನಿಜವೋ, ಅಹಂಕಾರವೋ, ನನ್ನ ಮೇಲಿನ ದಯೆಯೋ ನನಗೆ ಇಂದಿಗೂ ಗೊತ್ತಿಲ್ಲ. ಎದ್ದು ಹೊರಟಾಗ ಕರೆದರು. "ಇದನ್ನ ನನ್ನ ಹತ್ರ ಹೇಳಿ ಏನು ಪ್ರಯೋಜನ? ಮಂಡಕಳ್ಳಿಗೆ ಹೋಗಿ."

ನಾನು ಹೋಗಲಿಲ್ಲ. ಮೊದಲು ಕೆಲಸವಿತ್ತು, ಆಮೇಲೆ ಮನೆ ಬದಲಿಸಿದೆ, ಆಮೇಲೆ ಫೈಲಿನಲ್ಲಿ ಕೇಳಿದ್ದು ಸರಿಯೇ ಎಂದು ಅನುಮಾನಿಸಲು ಶುರುಮಾಡಿದೆ. ಹೀಗೆ ಒಂದು ವರ್ಷ. ಈ ಸಲ ದಸರಾ ಮುಗಿದ ವಾರ ಇಮ್ತಿಯಾಜ್ ಫೋನು ಮಾಡಿದ. ಬೆಳಿಗ್ಗೆ ಪೂಜೆಗೆ ಕೂತಲ್ಲೇ ಪಂಚಾಕ್ಷರಿಗಳ ಹೃದಯ ನಿಂತಿತ್ತು.

ಅವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ವಿಭೂತಿ ಬಳಿದು, ಹೂ ಮುಡಿಸಿ, ನೆಟ್ಟಗೆ ಕೂರಿಸಿದ್ದರು. ಸವಿತ ಬಂದಿದ್ದಳು. ಒಂದು ಹಿಡಿ ಮಣ್ಣು ಹಾಕಿ ಹೊರಟಳು. ಬಸ್‌ಸ್ಟಾಪಿನವರೆಗೆ ಅವಳ ಜೊತೆ ನಡೆದೆ. ನಡೆಯುತ್ತಲೇ ಹೇಳಿದೆ. ಹನ್ನೊಂದು ಎಂಬ ಲೆಕ್ಕವನ್ನೂ ಹೇಳಿದೆ.

"ಗೊತ್ತು ಸಾ" ಎಂದಳು. "ನನ್ ಕಿವೀಲೇ ತಾನೆ ಏಳಿದ್ದು ನೀವು."

ನಾನು ನಿಂತುಬಿಟ್ಟೆ. ಫೈಲು ಕೇಳಿದ ದಿನವೇ ಇದು ನನಗೆ ಹೊಳೆಯಬೇಕಿತ್ತು. ಹೊಳೆದಿತ್ತೋ ಏನೋ.

"ಇಷ್ಟ್ ದಿನ ಯಾಕ್ ಏಳ್ಲಿಲ್ಲ ಸಾ? ಮರ್ತೋಗಿದ್ರಾ?"

ಮರೆತಿದ್ದೆ ಎನ್ನಬಹುದಿತ್ತು. ಅದರಲ್ಲಿ ಅರ್ಧ ನಿಜವೂ ಇತ್ತು.

"ಇಲ್ಲ" ಎಂದೆ. "ಒಂದು ವರ್ಷದಿಂದ ಗೊತ್ತಿತ್ತು. ತಪ್ಪಾಯ್ತು ಸವಿತ."

ಬಸ್ಸು ಬಂತು. ಅವಳು ಸೆರಗು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ.

"ತಪ್ಪಾಯ್ತು ಅಂತ ಅವರು ಒಂದ್ ಸಲಾನೂ ಅನ್ನಲಿಲ್ಲ ಸಾ" ಎಂದಳು. "ಕೂಗುದ್ರು."